ನಲವತ್ತು ಹಲ್ಲಿನ ಗಾಲಿ

ಕಪಾಟಿನ ಆಚೆಯಿಂದ ಮತ್ತೆ ನಗು ಎದ್ದಿತು. ಹನ್ನೊಂದು ಮಕ್ಕಳ ನಗು. ಅದರೊಳಗೆ ತನ್ನ ಮಗನ ನಗು ಯಾವುದೆಂದು ಕಾಂಚನಳಿಗೆ ಬೇರೆಯಾಗಿಯೇ ಕೇಳಿಸಿತು. ಕೈಯಲ್ಲಿದ್ದ ಹಾಳೆಯನ್ನು ಇನ್ನೂ ಸ್ವಲ್ಪ ಮೇಲೆ ಹಿಡಿದು, "ಹದಿನಾಲ್ಕನೇ ಪಾನ ತಗೀರಿ," ಎಂದಳು.

ಅವಳ ಮುಂದಿದ್ದ ಏಳು ಮಕ್ಕಳು ಹದಿನಾಲ್ಕನೇ ಪುಟ ತೆಗೆದರು. ನಡುವೆ ಚಾಪೆಯ ಮೇಲೆ ಸಾಂಗಲಿಯ ಹೊಳೆಯ ಸೇತುವೆ ಐರ್ವಿನ್ ಪೂಲು, ಬೂದು ಬಣ್ಣದ ಆಟಿಕೆ ಇಟ್ಟಿಗೆಗಳಲ್ಲಿ, ಅರ್ಧಕ್ಕೆ ಬಂದು ನಿಂತಿತ್ತು. ಒಂದೊಂದು ಕಮಾನು ಒಂದೊಂದು ಮಗುವಿನದು. ಆ ಪುಟಗಳನ್ನು ಬರೆದವಳು ಕಾಂಚನಳೇ. ನದಿಯ ದಂಡೆಯಲ್ಲಿ ನಿಂತು ಫೋಟೊ ತೆಗೆದು, ಎರಡು ತಿಂಗಳು ಚೌಕುಳಿ ಹಾಳೆಯ ಮೇಲೆ ಯಾವ ಇಟ್ಟಿಗೆಯ ಮೇಲೆ ಯಾವುದು ಕೂಡಬೇಕೆಂದು ಗುರುತು ಹಾಕಿದ್ದಳು. ಇಡೀ ಪೂಲಿನಲ್ಲಿ ಒಂದು ಇಟ್ಟಿಗೆ ಹೆಚ್ಚಿರಲಿಲ್ಲ, ಒಂದು ಕಡಿಮೆಯಿರಲಿಲ್ಲ.

"ಟೀಚರ್, ತಿಕಡೆ ಕಾಯ ಚಾಲಲಂಯ?" ಒಬ್ಬ ಹುಡುಗ ಮರಾಠಿಯಲ್ಲಿ ಕೇಳುತ್ತ ಕಪಾಟಿನ ಕಡೆಗೆ ಕತ್ತು ಉದ್ದ ಮಾಡಿದ.

"ಅಲ್ಲಿ ಏನೂ ನಡದಿಲ್ಲ. ನಿನ್ನ ಕಮಾನು ನೋಡಕೋ. ಡೊಂಕ ಆಗೇತಿ."

ಮಿರಜಿನ ಪೇಟೆಯಲ್ಲಿ ಕೆಳಗೆ ಗಂಡನ ಮನೆಯವರ ಬೆಲ್ಲ, ಅರಿಷಿಣದ ಅಂಗಡಿ, ಹಿಂದೆ ಮನೆ, ಮೇಲೆ ಈ ಉದ್ದನೆಯ ಕೋಣೆ. ನಾಲ್ಕು ವರ್ಷದ ಹಿಂದೆ ಪುಣೆಯಲ್ಲಿ ಮೂರು ತಿಂಗಳ ತರಬೇತಿ ಮುಗಿಸಿ ಎರಡು ಸೂಟ್‌ಕೇಸು ತುಂಬ ಇಟ್ಟಿಗೆ ತಂದಾಗ ಮನೆಯವರು ನಕ್ಕಿದ್ದರು. ಆಟಿಗೆ ಸಾಮಾನಿನ ಶಾಲೆ ಅಂತೆ. ಮೊದಲ ಬೇಸಿಗೆಗೆ ಮೂರು ಮಕ್ಕಳು, ಎರಡನೆಯದಕ್ಕೆ ಇಪ್ಪತ್ತು. ಪ್ರತಿ ಶನಿವಾರ ಇಟ್ಟಿಗೆಗಳನ್ನು ಜಾಳಿಗೆ ಚೀಲದಲ್ಲಿ ತುಂಬಿ ಸಾಬೂನು ನೀರಲ್ಲಿ ತೊಳೆದು, ಮಾಳಿಗೆಯ ಮೇಲೆ ಹಳೆಯ ಧೋತರದ ಮೇಲೆ ಒಣಗಿಸುತ್ತಿದ್ದಳು. ಲೆಕ್ಕ ಎಂದರೆ ಅಳುತ್ತಿದ್ದ ಮಕ್ಕಳು ಅವಳ ಕೈಯಲ್ಲಿ ಇಟ್ಟಿಗೆಯ ಮೇಲಿನ ಉಬ್ಬು ಗುಬ್ಬಿಗಳನ್ನು ಮುಟ್ಟುತ್ತ ಗುಣಾಕಾರ ಕಲಿತಿದ್ದರು. ಬಾಯಿ ತೆರೆಯದ ಒಬ್ಬ ಹುಡುಗಿ ತಾನು ಕಟ್ಟಿದ ಬಾವಿಯ ಬಗ್ಗೆ ಹತ್ತು ನಿಮಿಷ ಮಾತಾಡಿದ್ದಳು. ಇದೆಲ್ಲ ನಿಜ. ಇದನ್ನು ಕಾಂಚನ ಈಚೆಗೆ ದಿನಕ್ಕೆ ಎರಡು ಸಲವಾದರೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಕಾರಣ ಮೃಣಾಲ. ಮೈದುನನ ಹೆಂಡತಿ. ಹೋದ ಜೂನಿನಲ್ಲಿ, ಮಗಳು ರಂಜು ಮಲಗಿದಾಗ ಹೊತ್ತು ಹೋಗದೆ, "ಅಕ್ಕಾರ, ಸಣ್ಣ ಹುಡುಗೂರನ್ನ ನಾ ನೋಡಕೊಳ್ಳಲೇನ್ರಿ?" ಎಂದು ಮೇಲೆ ಬಂದಿದ್ದಳು. ಅವಳಿಗೆ ತರಬೇತಿ ಇಲ್ಲ, ಹಾಳೆ ಇಲ್ಲ. ಇದ್ದದ್ದು ಅವಳ ಅಣ್ಣ ಪುಣೆಯಿಂದ ಕಳಿಸಿದ ಒಂದು ಡಬ್ಬಿ: ಹಲ್ಲಿನ ಗಾಲಿಗಳು, ಅಚ್ಚುಗಳು, ರಾಟೆಗಳು. ಅದರ ಮುಚ್ಚಳ ಎಂದೂ ಮುಚ್ಚಿರುತ್ತಿರಲಿಲ್ಲ. ಕೋಣೆಯನ್ನು ಕಪಾಟು ಅಡ್ಡ ಇಟ್ಟು ಎರಡು ಮಾಡಿದರು. ದೀಪಾವಳಿಯ ಹೊತ್ತಿಗೆ ಮಕ್ಕಳು ಒಬ್ಬೊಬ್ಬರೇ ಕಪಾಟು ದಾಟತೊಡಗಿದರು. ಕಾಂಚನಳನ್ನು ಟೀಚರ್ ಅನ್ನುವ ಮಕ್ಕಳು ಮೃಣಾಲಳನ್ನು ಮನೆಯ ಚಿಕ್ಕಮ್ಮನಂತೆ ಕಾಕು ಅನ್ನುತ್ತಿದ್ದರು.

ನವೆಂಬರಿನಲ್ಲಿ ಅವಳ ಮಗ ಪ್ರಥಮೇಶನೂ ದಾಟಿದ. ಒಂಬತ್ತು ವರ್ಷದ ಹುಡುಗ, ಊಟದ ತಟ್ಟೆಯ ಮುಂದೆ ಕೂತು ಯಾವ ಕೆಟ್ಟತನವೂ ಇಲ್ಲದೆ ಹೇಳಿದ: "ಮಮ್ಮಿ, ನಿನ್ನ ಕ್ಲಾಸಿನ್ಯಾಗ ಮುಂದ ಏನಾಗ್ತೈತಿ ಅಂತ ಮೊದಲ ಗೊತ್ತಿರತೈತಿ."

ಆ ಮಾತು ಎರಡು ತಿಂಗಳಾದರೂ ಅವಳೊಳಗೆ ಕರಗಿರಲಿಲ್ಲ.

ಕ್ಲಾಸು ಬಿಟ್ಟ ಮೇಲೆ ಅವಳು ಕಪಾಟಿನ ಆಚೆ ಹೋದಳು. ನೆಲದ ತುಂಬ ಇಟ್ಟಿಗೆ, ಮಧ್ಯದಲ್ಲಿ ಮೃಣಾಲ ಕಾಲು ಚಾಚಿ ಕೂತು ಜಡೆಯನ್ನು ಪೆನ್ಸಿಲಿನಿಂದ ಸುತ್ತಿ ಕಟ್ಟುತ್ತಿದ್ದಳು. ಮೇಜಿನ ಮೇಲೆ ಇಟ್ಟಿಗೆ, ಗಾಲಿಗಳಲ್ಲಿ ಕಟ್ಟಿದ ಒಂದು ರಸವಂತಿ. ಬಸ್ ಸ್ಟ್ಯಾಂಡಿನ ಬದಿಯಲ್ಲಿ ಕಬ್ಬಿನ ಹಾಲು ಹಿಂಡುವ ಅಂಗಡಿಯಲ್ಲಿ ಇರುವಂಥದೇ ಯಂತ್ರ: ಹಿಡಿಕೆ, ದೊಡ್ಡ ಗಾಲಿ, ಎರಡು ಉರುಳೆ, ಮೇಲೆ ರಂಜೂನ ಕಾಲ್ಗೆಜ್ಜೆಯಿಂದ ಬಿಚ್ಚಿ ಕಟ್ಟಿದ ಗೆಜ್ಜೆ.

"ಮಮ್ಮಿ, ನೋಡಿಲ್ಲೆ." ಪ್ರಥಮೇಶ ಹಿಡಿಕೆ ತಿರುಗಿಸಿದ. ಗೆಜ್ಜೆ ಛಳ್ ಛಳ್ ಎಂದಿತು. ಹಸಿರು ಸ್ಟ್ರಾ ಒಂದು ಉರುಳೆಗಳ ನಡುವೆ ಸಿಕ್ಕು ಚಪ್ಪಟೆಯಾಗಿ ಆಚೆ ಬಂತು. "ಈ ದೊಡ್ಡದಕ್ಕ ನಲವತ್ತ ಹಲ್ಲು. ಸಣ್ಣದಕ್ಕ ಎಂಟ. ಸಣ್ಣದು ಐದ ಸಲ ತಿರಗಿದ್ರ ದೊಡ್ಡದು ಒಂದ ಸಲ. ಅದಕ್ಕ ಜೋರ ಬರತೈತಿ. ಹಿಂಗ ಸಾವಕಾಶ, ಆದ್ರ ಜೋರ. ತಿಳೀತೇನ?"

ಕನ್ನಡ ಮಾತಾಡಲು ಬೇಸರಪಟ್ಟು ಅರ್ಧಕ್ಕೆ ಮರಾಠಿಗೆ ಹೊರಳುವ ಹುಡುಗ ಅವಳಿಗಾಗಿ ಒಂದೇ ಉಸಿರಿನಲ್ಲಿ ಇಷ್ಟು ಹೇಳಿದ್ದ. ಅವನ ಕಿವಿ ಕೆಂಪಾಗಿದ್ದವು. ತನ್ನ ಚಾಪೆಯ ಮೇಲೆ ಕೂತ ಅಷ್ಟೂ ವರ್ಷ ಆ ಕಿವಿ ಎಂದೂ ಕೆಂಪಾಗಿರಲಿಲ್ಲ.

"ಸಪ್ಪಳ ಭಾಳ ಐತಿ," ಎಂದಳು ಕಾಂಚನ. "ಮತ್ತ ಆ ಹಳದಿ ಇಟ್ಟಿಗಿ ಕೆಳಗ ಬಿದ್ದೈತಿ. ಎತ್ತು."

ಮೃಣಾಲ ಬಗ್ಗಿ ತಾನೇ ಎತ್ತಿದಳು. "ಚೌಕಟ್ಟು ಅಳ್ಳಾಡಾಕತ್ತೈತ್ರಿ ಅಕ್ಕಾರ. ಎಲ್ಲಾ ಬಿಚ್ಚಿ ಐತವಾರ ಮುಂಜಾನೆ ಮತ್ತ ಕೂಡಸ್ತೇವಿ."

"ಐತವಾರ? ಹನ್ನೊಂದಕ್ಕ ಅವರು ಬರತಾರ."

"ಹತ್ತಕ್ಕ ಆಗತೈತ್ರಿ. ಆಗಲಿಲ್ಲಂದ್ರ ಇಲ್ಲ. ಹೆಂಗೂ ನಿಮ್ಮನ್ನ ತಗೋತಾರ. ನಾ ಸುಮ್ಮ ಮಜಾ ಮಾಡಾಕತ್ತೀನಿ."

ಅವಳು ಹಾಗೆ ನಿಜವಾಗಿಯೇ ಅಂದುಕೊಂಡಿದ್ದಳು. ಅದೇ ತಡೆಯಲಾಗದ್ದು. ಬರುವವರು ವಿಶ್ರಾಮಬಾಗದ ಒಂದು ಶಾಲೆಯ ಮುಖ್ಯಸ್ಥೆ ಅಲಕಾ ಮೇಡಂ. ಅಲ್ಲಿ ಇಟ್ಟಿಗೆ ಕಲಿಕೆಗೇ ಒಂದು ಕೋಣೆ ಸಿದ್ಧವಾಗಿತ್ತು: ಇಪ್ಪತ್ತು ಮೇಜು, ಪ್ರತಿ ಮೇಜಿಗೆ ತಟ್ಟೆ, ಹೊಸ ಇಟ್ಟಿಗೆ, ಬಾಗಿಲ ಮೇಲೆ ಕಲಿಸುವವರ ಹೆಸರು. ಇಬ್ಬರ ಮಕ್ಕಳ ಕೆಲಸವನ್ನೂ ನೋಡಿ ಒಬ್ಬರನ್ನು ಆರಿಸುತ್ತೇನೆ ಎಂದು ಮೆಸೇಜು ಕಳಿಸಿದ್ದರು. ಕಾಂಚನ ಅದನ್ನು ಎಷ್ಟು ಸಲ ಓದಿದ್ದಳೆಂದರೆ ಅದರ ಅಲ್ಪವಿರಾಮಗಳೂ ಅವಳಿಗೆ ಬಾಯಿಪಾಠವಾಗಿದ್ದವು. ಮೃಣಾಲ ಓದಿ, ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಮರೆತಿದ್ದಳು.

*

ಶನಿವಾರ ರಂಜೂನ ಬೋರನ್ಹಾಣ. ಸಂಕ್ರಾಂತಿಯ ವಾರದಲ್ಲಿ ಮನೆಯ ಸಣ್ಣ ಮಗುವನ್ನು ಮಣೆಯ ಮೇಲೆ ಕೂರಿಸಿ, ಕಪ್ಪು ಬಟ್ಟೆ ತೊಡಿಸಿ, ಸಕ್ಕರೆ ಪಾಕ ಕಟ್ಟಿದ ಕುಸರೆಳ್ಳಿನ ಒಡವೆ ಹಾಕಿ, ತಲೆಯ ಮೇಲೆ ಬೋರೆಹಣ್ಣು, ಚುರುಮುರಿ, ಕಬ್ಬಿನ ತುಂಡು ಸುರಿಯುವುದು. ಸುತ್ತ ನಿಂತ ಓಣಿಯ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುವುದು. ಮನೆಯಲ್ಲಿ ಎಲ್ಲರೂ ಅದನ್ನು ಮರಾಠಿಯಲ್ಲೇ ಹೆಸರಿಸುತ್ತಿದ್ದರು. ಅತ್ತೆ ಬಾಳವ್ವ ಮಾತ್ರ "ಬಾರಿಹಣ್ಣು ಎರಿಯೂದು" ಎನ್ನುತ್ತಿದ್ದಳು.

ಮಧ್ಯಾಹ್ನ ಬಾಳವ್ವ ಅಡುಗೆಮನೆಯ ನಡುವೆ ಪರಾತ ಇಟ್ಟುಕೊಂಡು ಕೂತಿದ್ದಳು. ಕಾಂಚನ ಹಸಿ ಕಡಲೆಕಾಯಿ ಬಿಡಿಸುತ್ತಿದ್ದಳು.

"ಈಗಿನ ಹುಡುಗೂರು ಬಾರಿಹಣ್ಣು ಎಲ್ಲಿ ಆರಸ್ತಾವ? ತುಳಕೊಂತ ಹೋಗ್ತಾವ," ಎಂದಳು ಬಾಳವ್ವ. "ಹಿಂದಿನ ಮನಿಯವರು ಪೆನ್ಸಿಲ್ ಹಾಕಿದ್ರಂತ, ರಬ್ಬರ್ ಹಾಕಿದ್ರಂತ. ನಮ್ಮದೇನು ಕಮ್ಮಿ? ಮ್ಯಾಲ ನಿಮ್ಮ ಸಾಲ್ಯಾಗ ಆ ಪಲಾಸ್ಟಿಕ್ ಸಾಮಾನ ಐತೆಲ್ಲಾ, ಒಂದ ಬೊಗಸಿ ತಂದ ಹಾಕ."

"ಅವು ತುಟ್ಟಿ ಅದಾವ್ರಿ ಅತ್ತ್ಯಾರ."

"ಮೊಮ್ಮಗಳಕಿಂತ ತುಟ್ಟೇನ? ಹಾಕ. ಆದ್ರ ಒಂದ ನೆನಪಿಡ. ಎರದದ್ದು ತಿರಗಿ ಕೇಳೂದಿಲ್ಲ. ಯಾರ ಕೈಗೆ ಸಿಕ್ಕಿತೋ ಅವರದ. ಕೇಳಿದ್ರ ಕೂಸಿಗೆ ಛಲೋ ಅಲ್ಲ. ನಮ್ಮ ಮನ್ಯಾಗ ಯಾರೂ ಕೇಳಿಲ್ಲ."

ಕಾಂಚನ ಬಟ್ಟಲು ಹಿಡಿದು ಮೇಲೆ ಹೋದಳು. ಮಾಳಿಗೆಯ ಬಾಗಿಲ ಹತ್ತಿರ ಹಿಡಿತ ಸಡಿಲಾದ, ಬಣ್ಣ ಮಾಸಿದ ಇಟ್ಟಿಗೆಗಳ ಡಬ್ಬಿ ಇತ್ತು. ಅದರಿಂದ ಒಂದು ಹಿಡಿ ತೆಗೆದು ಬಟ್ಟಲಿಗೆ ಹಾಕಿದಳು. ನೋಡಿದಳು. ಓಣಿಯ ತಾಯಂದಿರು ಏನಂದಾರು? ಟೀಚರು ಸವೆದದ್ದನ್ನೆಲ್ಲ ನಮ್ಮ ಮಕ್ಕಳಿಗೆ ಎರೆದಳು ಅಂದಾರು. ಮತ್ತೆ ಡಬ್ಬಿಗೆ ಸುರಿದಳು.

ಕಪಾಟಿನ ಆಚೆ ಮೇಜಿನ ಮೇಲೆ ರಸವಂತಿಯ ಚೌಕಟ್ಟು ಮಾತ್ರ ನಿಂತಿತ್ತು. ಪಕ್ಕದಲ್ಲಿ ಮೃಣಾಲಳ ಡಬ್ಬಿ, ಎಂದಿನಂತೆ ತೆರೆದು. ಆದರೆ ಒಳಗೆ ಎಂದಿನಂತಿರಲಿಲ್ಲ. ಒಂದೊಂದು ಖಾನೆಗೆ ಒಂದೊಂದು ಅಳತೆಯ ಗಾಲಿ, ಮೇಲೆ ಚೀಟಿ: ಎಂಟು, ಇಪ್ಪತ್ತನಾಲ್ಕು, ನಲವತ್ತು. ಅಂಕಿಗಳು ಪ್ರಥಮೇಶನ ಕೈಬರಹ. ಹೀಗೆ ಅಳತೆ ನೋಡಿ ಖಾನೆ ಮಾಡಿ ಚೀಟಿ ಹಚ್ಚುವುದನ್ನು ಐದು ವರ್ಷದ ಮಗುವಾಗಿದ್ದಾಗ ಅವನಿಗೆ ಕಲಿಸಿದವಳು ಅವಳು. ಅವನು ಅದನ್ನು ಇಲ್ಲಿಗೆ ತಂದು ಕೊಟ್ಟಿದ್ದ.

ಅವಳ ಕೈಗೆ ಏನೂ ಯೋಚಿಸಬೇಕಾಗಿ ಬರಲಿಲ್ಲ. ಮೊದಲು ಎಂಟರವು, ಆಮೇಲೆ ಇಪ್ಪತ್ತನಾಲ್ಕರವು, ಕೊನೆಗೆ ನಲವತ್ತರದು. ಅದು ಒಂದೇ ಇತ್ತು. ಅತ್ತೆ ಹೇಳಿದ್ದಳು. ಒಂದು ಬೊಗಸೆ.

*

ಸಂಜೆ ಐದಕ್ಕೆ ಪಡಸಾಲೆ ತುಂಬಿತು. ಮೂರು ವರ್ಷದ ರಂಜು ಕಪ್ಪು ಫ್ರಾಕಿನಲ್ಲಿ ಮಣೆಯ ಮೇಲೆ ಕೂತು, ಕೊರಳ ಕುಸರೆಳ್ಳಿನ ಸರವನ್ನು ಕಚ್ಚುತ್ತಿದ್ದಳು. ಸುತ್ತ ಹದಿನೈದು ಮಕ್ಕಳು ಓಟಕ್ಕೆ ನಿಂತವರ ಹಾಗೆ ಬಗ್ಗಿ ನಿಂತಿದ್ದರು. ದೊಡ್ಡವನೆಂದು ಪ್ರಥಮೇಶನನ್ನು ಫೋನು ಕೊಟ್ಟು ವಿಡಿಯೊ ತೆಗೆಯಲು ನಿಲ್ಲಿಸಿದ್ದರು. ಆರತಿ ಆಯಿತು.

"ಮೊದಲ ದೊಡ್ಡವ್ವ ಎರೀಬೇಕು," ಎಂದಳು ಬಾಳವ್ವ. "ಬಾರ ಕಾಂಚನ."

ಸೇರಿನಲ್ಲಿ ಮೇಲೆ ಬೋರೆಹಣ್ಣು, ಚುರುಮುರಿ. ಕೆಳಗೆ ಏನಿದೆಯೆಂದು ಅವಳ ಕೈಗೆ ಭಾರ ಹೇಳುತ್ತಿತ್ತು. ಅವಳು ರಂಜೂನ ತಲೆಯ ಮೇಲೆ ಮೆಲ್ಲಗೆ ಸುರಿದಳು. ಹಣ್ಣು ಸದ್ದಿಲ್ಲದೆ ಬಿದ್ದವು. ಆಮೇಲೆ ಫರಸಿಕಲ್ಲಿನ ನೆಲದ ಮೇಲೆ ಟಕ ಟಕ ಎಂದು ಬೇರೆ ಸದ್ದು. ಒಂದು ಬೂದು ಗಾಲಿ ಅಂಚಿನ ಮೇಲೆ ನಿಂತು, ಮಕ್ಕಳ ಕಾಲುಗಳ ನಡುವೆ ಉರುಳುತ್ತ ಹೊಸ್ತಿಲ ತನಕ ಹೋಯಿತು.

"ಆರಸ್ರಿ, ಆರಸ್ರಿ!" ಬಾಳವ್ವ ಚಪ್ಪಾಳೆ ತಟ್ಟಿದಳು. "ಯಾರಿಗೆ ಸಿಕ್ಕದ್ದು ಅವರಿಗೆ!"

ಪ್ರಥಮೇಶನ ಕೈಯ ಫೋನು ಕೆಳಗಿಳಿಯಿತು. ಅವನು ಗುಂಪಿನೊಳಗೆ ನುಗ್ಗಿದ. "ಹೇ ಆಮಚಂ ಆಹೆ! ಆಜಿ, ಇವು ನಮ್ಮ ರಸವಂತೀವು! ಕೊಡ್ರೋ!"

ಬಾಳವ್ವ ಅವನ ರಟ್ಟೆ ಹಿಡಿದೆಳೆದಳು. "ಕೇಳಬ್ಯಾಡ! ತಂಗಿದು ಎರದದ್ದೈತಿ. ಬಾಯಿ ಮುಚ್ಚ."

ಎದುರು ಮನೆಯ ಧೋಂಡಪ್ಪನ ಮೊಮ್ಮಗಳು ಪ್ರಾಜಕ್ತಾ, ಆರು ವರ್ಷದವಳು, ಹೊಸ್ತಿಲ ಬಳಿಯ ದೊಡ್ಡ ಗಾಲಿಯನ್ನೆತ್ತಿ ಕಣ್ಣಿಗೆ ಹಿಡಿದು ಅದರ ತೂತಿನಿಂದ ಎಲ್ಲರನ್ನೂ ನೋಡಿದಳು. ಆಮೇಲೆ ಫ್ರಾಕಿನ ಕಿಸೆಗೆ ಹಾಕಿಕೊಂಡು, ಕಿಸೆಯ ಮೇಲೆ ಕೈ ಇಟ್ಟುಕೊಂಡಳು.

ಮೃಣಾಲಳ ಬಾಯಿ ತೆರೆದಿತ್ತು. ಅವಳು ಅತ್ತೆಯ ಕಡೆ, ಮಗಳ ಕಡೆ, ಕಡೆಗೆ ಕಾಂಚನಳ ಕಡೆ ನೋಡಿದಳು. ಆಮೇಲೆ ನಕ್ಕಳು. ಐದು ಮುತ್ತೈದೆಯರ ಮುಂದೆ ಸ್ವಂತ ಮಗಳ ಎರೆತದಲ್ಲಿ ಇನ್ನೇನು ಮಾಡಲು ಬರುತ್ತಿತ್ತು? "ಹೌದು, ಸಿಕ್ಕಾವರದ," ಎಂದಳು.

ಪ್ರಥಮೇಶ ನೆಲದ ಮೇಲೆ ಮಂಡಿಯೂರಿದ್ದ. ಮುಷ್ಟಿಯಲ್ಲಿ ಎರಡು ಸಣ್ಣ ಗಾಲಿ. ಅವನು ತಲೆಯೆತ್ತಿ ತಾಯಿಯ ಮುಖವನ್ನಲ್ಲ, ಅವಳ ಕೈಯಲ್ಲಿದ್ದ ಖಾಲಿ ಸೇರನ್ನು ನೋಡಿದ. ಬಹಳ ಹೊತ್ತು ನೋಡಿದ.

ಬಂದವರಿಗೆಲ್ಲ ಎಳ್ಳು ಬೆಲ್ಲ ಕೊಟ್ಟು ಕಳಿಸಿದ ಮೇಲೆ ಮೃಣಾಲ ಅಡುಗೆಮನೆಗೆ ಬಂದಳು.

"ಅಕ್ಕಾರ, ಅವು ನನ್ನ ಡಬ್ಬ್ಯಾಗಿನವು."

"ಅತ್ತ್ಯಾರ ಹಾಕಂದ್ರು. ಯಾವುದು ಯಾತಕ್ಕ ಅಂತ ನನಗೇನ ಗೊತ್ತು? ನೀ ಡಬ್ಬಿ ಎಂದಾದ್ರೂ ಮುಚ್ಚಿ ಇಡ್ತೀಯೇನು?"

ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಕಾಂಚನ ಸರದಿಯಲ್ಲಿ ಜೋಡಿಸಿಟ್ಟುಕೊಂಡಿದ್ದಳು. ಮೃಣಾಲ ಮಾತ್ರ, "ಖರೇ ಐತ್ರಿ. ನಂದ ತಪ್ಪು," ಎಂದು ಚಹಾದ ಕಪ್ಪುಗಳನ್ನು ತೊಳೆಯಲು ಕೂತಳು. ಅವಳ ಬೆನ್ನು ನೋಡುತ್ತ ನಿಂತ ಕಾಂಚನಳಿಗೆ, ಆಡದೆ ಉಳಿದ ಮಾತುಗಳೆಲ್ಲ ಬಾಯೊಳಗೇ ಹುಳಿಯಾದವು.

ಹೊರಗೆ ಪ್ರಥಮೇಶ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಬಗಲಲ್ಲಿ ನಾಲ್ಕು ಗಾಳಿಪಟ.

"ಎಲ್ಲಿಗೆ ಹೊಂಟಿ? ಕೇಳಾಕ ಹೋದಿ ಅಂದ್ರ ನೋಡ ಮತ್ತ!" ಎಂದಳು ಬಾಳವ್ವ.

"ಕೇಳಾಕ ಅಲ್ಲ ಆಜಿ. ಬದಲಿ ಮಾಡಾಕ."

ಬಾಳವ್ವ ಅದನ್ನು ಯೋಚಿಸಿದಳು. ಮೂವತ್ತು ವರ್ಷ ಅಂಗಡಿಯ ಗಲ್ಲಾದ ಹಿಂದೆ ಕೂತವಳು. "ಬದಲಿ ನಡೀತೈತಿ," ಎಂದಳು.

ಕಾಂಚನ ಮೇಲಿನ ಕಿಟಕಿಯಿಂದ ನೋಡಿದಳು. ಅವನು ಒಂದು ಮನೆಯೊಳಗೆ ಹೋಗುತ್ತಿದ್ದ, ಗಾಳಿಪಟ ಒಂದು ಕಡಿಮೆಯಾಗಿ ಹೊರಬರುತ್ತಿದ್ದ. ಗಾಳಿಪಟ ಮುಗಿದವು. ಮನೆಗೆ ಬಂದು ಬುಗುರಿ ಒಯ್ದ. ಆಮೇಲೆ ಚೆಂಡು. ಆಮೇಲೆ ಬ್ಯಾಟು. ಗಣಪತಿ ಹಬ್ಬದಲ್ಲಿ ಆ ಬ್ಯಾಟಿಗಾಗಿ ಹನ್ನೆರಡು ದಿನ ಅತ್ತಿದ್ದ. ಅದನ್ನು ಈಗ ಒಂದು ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ಕಿಗೆ ಕೊಟ್ಟು, ತಿರುಗಿ ಕೂಡ ನೋಡದೆ ಬಂದ. ಯಾರಿಗಾಗಿ? ಅವಳು ಹಲ್ಲು ಕಚ್ಚಿದಳು. ತಾನು ಜ್ವರದಲ್ಲಿ ಮಲಗಿದ್ದಾಗಲೂ ಒಂದು ಲೋಟ ನೀರಿಗೆ ಆಟ ಬಿಟ್ಟು ಎದ್ದವನಲ್ಲ.

ಕೊನೆಗೆ ಎದುರು ಮನೆ. ಪ್ರಾಜಕ್ತಾ ಬಾಗಿಲಲ್ಲಿ ನಿಂತು ತಲೆಯಾಡಿಸುತ್ತಿದ್ದುದು ಕಿಟಕಿಗೆ ಕಾಣುತ್ತಿತ್ತು. ಗೋಲಿ ತೋರಿಸಿದ, ಬೇಡ. ಕಂಪಾಸು ಪೆಟ್ಟಿಗೆ ತೋರಿಸಿದ, ಬೇಡ. ಇನ್ನು ಅವನ ಹತ್ತಿರ ಏನೂ ಇರಲಿಲ್ಲ. ಹುಡುಗಿ ಬಾಗಿಲು ಹಾಕಿಕೊಂಡಳು.

*

ಐತವಾರ ಮುಂಜಾನೆ ಎಂಟಕ್ಕೆ ಧೋಂಡಪ್ಪ ಬಂದ. ಮಾಧವನಗರದ ಮಿಲ್ಲಿನಲ್ಲಿ ನೇಯ್ಗೆಯ ಸಾಂಚಾ ನಡೆಸಿ ನಿವೃತ್ತನಾದ ಮುದುಕ; ಕಿವಿ ಸ್ವಲ್ಪ ಮಂದ, ಹಾಗಾಗಿ ಎಲ್ಲರೊಡನೆಯೂ ಗಟ್ಟಿಯಾಗಿ ಮಾತಾಡುವವನು. ಇವತ್ತು ಮಾತ್ರ ಮೆಲ್ಲಗೆ ಮಾತಾಡಿದ.

"ಟೀಚರಬಾಯಾರ, ಇದು ನಿಮ್ಮ ಸಾಲೀದಲ್ಲೇನ್ರಿ? ಹುಡುಗಿ ದಿಂಬಿನ ಬುಡಕ ಇಟಗೊಂಡ ಮಲಗಿದ್ಲು." ಅಂಗೈಯಲ್ಲಿ ನಲವತ್ತು ಹಲ್ಲಿನ ಗಾಲಿ. "ನಿನ್ನೆ ನಿಮ್ಮ ಮಗ ಬಂದಾಗ ನಾ ಇರಲಿಲ್ರಿ. ಮೂವತ್ತ ವರ್ಷ ಸಾಂಚಾದ ಮುಂದ ನಿಂತಾಂವ ನಾನು. ಒಂದ ಗಾಲಿ ಇಲ್ಲಂದ್ರ ಏನಾಗ್ತೈತಿ ನನಗ ಗೊತ್ತೈತಿ. ಹುಡುಗಿಗೆ ಹೇಳೇನಿ, ಸಮಜಾಯಿಸೇನಿ."

"ನಾವು ಕೇಳಿಲ್ರಿ ಕಾಕಾ. ಕೇಳಬಾರದು ನಮ್ಮಲ್ಲಿ."

"ನೀವು ಕೇಳಿಲ್ಲ, ನಾ ತಂದೇನಿ. ಹುಡುಗಗ ಕೊಡ್ರಿ." ಅವಳ ಕೈಯಲ್ಲಿಟ್ಟು, ಸಂಕೋಚದಿಂದೆಂಬಂತೆ ಬೇಗ ರಸ್ತೆ ದಾಟಿ ಹೋದ.

ಅವಳು ಮೆಟ್ಟಿಲೇರಿದಳು. ಕೊಡುವುದಕ್ಕೇ ಏರಿದಳು, ಏರುವಾಗ ಹೇಳಬೇಕಾದ ಮಾತು ಕೂಡ ಸಿದ್ಧವಿತ್ತು. ತಗೋ, ಸಿಕ್ತು. ಅಷ್ಟೇ. ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದಳು. ರಸವಂತಿ ಮತ್ತೆ ಎದ್ದಿತ್ತು. ಪ್ರಥಮೇಶ ಪೇಢೆಯ ಖಾಲಿ ಪೆಟ್ಟಿಗೆಯ ರಟ್ಟನ್ನು ಗುಂಡಗೆ ಕತ್ತರಿಸಿ, ಅಂಚಿಗೆ ಹಲ್ಲು ಕೊರೆಯುತ್ತಿದ್ದ. ಮೃಣಾಲ ಎಣಿಸುತ್ತಿದ್ದಳು. ಇಬ್ಬರ ತಲೆಗಳೂ ಒಂದಕ್ಕೊಂದು ತಾಗಿದ್ದವು.

"ಮೂವತ್ತೊಂಬತ್ತ," ಎಂದಳು ಮೃಣಾಲ. "ಒಂದ ಹಲ್ಲು ಕಮ್ಮಿ ಆತಲ್ಲೋ, ಮುದಕಾ!"

ಅವನು ನಕ್ಕ. ಬ್ಯಾಟು ಕಳಕೊಂಡ ಹುಡುಗ, ಗಾಳಿಪಟ ಕಳಕೊಂಡ ಹುಡುಗ, ಮುಂಜಾನೆ ಎಂಟೂಕಾಲಿಗೆ ಹೊಟ್ಟೆ ಹಿಡಿದು ನಕ್ಕ. ಮೃಣಾಲ ಅವನ ಕೂದಲು ಕೆದರಿದಳು.

ಕಾಂಚನಳ ಬೆರಳು ಗಾಲಿಯ ಸುತ್ತ ಮುಚ್ಚಿಕೊಂಡವು.

"ಏನ ಮಮ್ಮಿ?" ಪ್ರಥಮೇಶ ಅವಳನ್ನು ಕಂಡು ನಗು ನಿಲ್ಲಿಸಿದ.

"ಏನಿಲ್ಲ. ಹತ್ತೂವರಿಗೆ ಶರ್ಟ್ ಬದಲಿ ಮಾಡಕೋ."

*

ಅಲಕಾ ಮೇಡಂ ಹನ್ನೊಂದಕ್ಕೆ ಸರಿಯಾಗಿ ಬಂದರು. ಬಿಳಿಗೂದಲು, ಕಾಟನ್ ಸೀರೆ, ಮೆಟ್ಟಿಲೇರಿದ ದಣಿವು. ಮೊದಲು ಪೂಲು ನೋಡಿದರು. ಏಳು ಮಕ್ಕಳೂ ಸರದಿಯಲ್ಲಿ ಎದ್ದು ತಂತಮ್ಮ ಕಮಾನಿನ ಉದ್ದ, ಎತ್ತರ, ಎಷ್ಟು ಇಟ್ಟಿಗೆ ಎಂದು ಹೇಳಿದರು. ಕೊನೆಯವನು ಪೂಲಿನ ಮೇಲೆ ಸಣ್ಣ ಕೆಂಪು ಬಸ್ಸು ಓಡಿಸಿದ. ಅದು ಎಲ್ಲಿಯೂ ತಡೆಯದೆ ಈ ದಂಡೆಯಿಂದ ಆ ದಂಡೆಗೆ ಹೋಯಿತು. ಮೇಡಂ ಕಮಾನಿನ ಕೆಳಗೆ ಬಗ್ಗಿ ನೋಡಿ, "ವಾಹ್," ಎಂದರು. ಕಾಂಚನ ಬಲಗೈಯನ್ನು ಸೆರಗಿನೊಳಗೆ ಮುಷ್ಟಿ ಮಾಡಿಕೊಂಡು ನಿಂತಿದ್ದಳು. ನಮಸ್ಕಾರವನ್ನೂ ಹಾಗೆಯೇ ತಲೆಬಾಗಿಸಿ ಮುಗಿಸಿದ್ದಳು.

ಆಮೇಲೆ ಕಪಾಟಿನ ಆಚೆ. ಹನ್ನೊಂದು ಮಕ್ಕಳು ಒಟ್ಟಿಗೇ ಹೇಳಲು ಹೊರಟು ಯಾರದೂ ಕೇಳಿಸಲಿಲ್ಲ. ಪ್ರಥಮೇಶ ಹಿಡಿಕೆ ತಿರುಗಿಸಿದ. ಗೆಜ್ಜೆ ಆಡಿತು, ಹಸಿರು ಸ್ಟ್ರಾ ಅರ್ಧ ಒಳಗೆ ಹೋಯಿತು, ರಟ್ಟಿನ ಗಾಲಿಯ ಹಲ್ಲು ಒಂದೊಂದೇ ಮಡಚಿಕೊಂಡವು. ಹಿಡಿಕೆ ಸುಮ್ಮನೆ ತಿರುಗತೊಡಗಿತು. ಸ್ಟ್ರಾ ಅಲ್ಲೇ ನಿಂತಿತು.

"ಯಾಕ ನಿಂತಿತೋ?" ಎಂದರು ಮೇಡಂ.

"ಗಾಲಿ ರಟ್ಟಿಂದೈತ್ರಿ, ಅದಕ್ಕ. ನಲವತ್ತ ಹಲ್ಲಿಂದು ಖರೇದು ಇತ್ರಿ. ಅದು ಇದ್ದಿದ್ರ ಸಾವಕಾಶ ತಿರಗತಿತ್ತು, ಜೋರ ಇರತಿತ್ತು."

"ಎಲ್ಲಿ ಹೋತದು?"

"ನಿನ್ನೆ ತಂಗೀ ಬೋರನ್ಹಾಣದಾಗ ಹೋತ್ರಿ. ಬಾರಿಹಣ್ಣಿನ ಕೂಡ."

ಮೇಡಂ ಜೋರಾಗಿ ನಕ್ಕರು. "ಅಯ್ಯ, ಗಿಯರ್ ಎರದ್ರೇನು? ಯಾರ ಆ ಶಾಣ್ಯಾರು?"

ಮೃಣಾಲ ನೆಲ ನೋಡಿದಳು. ಕಾಂಚನಳ ಅಂಗೈಯಲ್ಲಿ ನಲವತ್ತು ಹಲ್ಲು ನಾಟಿದವು. ಇನ್ನೂ ಹೊತ್ತಿದೆ, ಎಂದು ಅವಳಿಗನ್ನಿಸಿತು; ಮೂರು ಹೆಜ್ಜೆ, ಕೈ ಚಾಚಿದರೆ ಮುಗಿಯಿತು; ಆದರೆ ಮೂರು ಹೆಜ್ಜೆಯ ಆಚೆ ಇಪ್ಪತ್ತು ಮೇಜುಗಳಿದ್ದವು, ಬಾಗಿಲ ಮೇಲೆ ಒಂದು ಹೆಸರಿತ್ತು.

"ನಾನ ಹಾಕಿದ್ನಿರಿ," ಎಂದ ಪ್ರಥಮೇಶ. "ತಪ್ಪಿ."

"ತೂ?" ಎಂದ ಅವನ ಬ್ಯಾಚಿನ ಹುಡುಗನೊಬ್ಬ. "ತೂ ತರ ವ್ಹಿಡಿಯೊ ಕಾಢತ ಹೋತಾಸ..." ನೀನು ವಿಡಿಯೊ ತೆಗೆಯುತ್ತಿದ್ದೆಯಲ್ಲ ಎಂಬ ಆ ಮಾತು ಮುಗಿಯುವ ಮೊದಲೇ ಪ್ರಥಮೇಶ ಅವನ ತೊಡೆಗೆ ಚಿವುಟಿದ. ಹುಡುಗ ಕುಂಯ್ ಎಂದು ಸುಮ್ಮನಾದ. ಇಷ್ಟರಲ್ಲಿ ಪ್ರಥಮೇಶ ತಾಯಿ ನಿಂತ ಕಡೆಗೆ ಒಮ್ಮೆಯೂ ನೋಡಲಿಲ್ಲ.

ಮೆಟ್ಟಿಲಿಳಿಯುವಾಗ ಮೇಡಂ ಕಾಂಚನಳ ಭುಜ ಹಿಡಿದುಕೊಂಡು ಇಳಿದರು. "ಮಜಾ ಎರಡರಾಗೂ ಬಂತವಾ. ಆದ್ರ ಪಾಲಕರಿಗೆ ಮುಗದದ್ದು ಬೇಕಾಗ್ತೈತಿ. ನೀವ ಬರ್ರಿ, ಫೆಬ್ರವರಿ ಒಂದರಿಂದ." ಕೊನೆಯ ಮೆಟ್ಟಿಲಲ್ಲಿ ನಿಂತು ಉಸಿರು ತಗೊಂಡರು. "ಆ ಹುಡುಗ ಯಾರಾಂವ, ಡಬ್ಬಿಗೆ ಚೀಟಿ ಹಚ್ಚಾಂವ? ಭಾಳ ಛಲೋ ಕಲಿಸ್ಯಾರ ಅವಗ."

ಕಾಂಚನ ಮುಷ್ಟಿಯನ್ನು ಸೆರಗಿನೊಳಗೆ ಇನ್ನಷ್ಟು ಸರಿಸಿದಳು. ಹಿಂದಿನಿಂದ ಮೃಣಾಲ, "ಅಕ್ಕಾರ ಮಗಾರಿ," ಎಂದಳು. "ಅವರ ಕಲಿಸ್ಯಾರ."

ಕೆಳಗೆ ಬಾಳವ್ವ ಸುದ್ದಿ ಕೇಳಿ ಸಕ್ಕರೆ ತರಲು ಎದ್ದಳು. ಮೃಣಾಲ "ನಾ ಹೇಳಿರಲಿಲ್ಲೇನ್ರಿ ಅಕ್ಕಾರ?" ಎಂದು ನಿಜವಾದ ಖುಷಿಯಲ್ಲಿ ಅವಳ ಎಡಗೈ ಹಿಡಿದು ಅಲುಗಾಡಿಸಿದಳು. ಆ ಖುಷಿಯಲ್ಲಿ ಎಲ್ಲಾದರೂ ಒಂದು ಸಣ್ಣ ಬಿರುಕು ಇದ್ದೀತೇ ಎಂದು ಕಾಂಚನ ಹುಡುಕಿದಳು. ಸಿಗಲಿಲ್ಲ. ಫೋನು ಮರೆತು ಬಂದೆ ಎಂದು ಸುಳ್ಳು ಹೇಳಿ ಮತ್ತೆ ಮೇಲೆ ಹೋದಳು.

ಮಕ್ಕಳೆಲ್ಲ ಹೋಗಿದ್ದರು. ಪ್ರಥಮೇಶ ಒಬ್ಬನೇ ರಸವಂತಿ ಬಿಚ್ಚುತ್ತಿದ್ದ. ಎಂಟರವು ಎಂಟರ ಖಾನೆಗೆ, ಇಪ್ಪತ್ತನಾಲ್ಕರವು ಇಪ್ಪತ್ತನಾಲ್ಕರ ಖಾನೆಗೆ. ರಟ್ಟಿನ ಗಾಲಿಯನ್ನು ನಲವತ್ತರ ಖಾನೆಯಲ್ಲಿಟ್ಟು ನೋಡಿದ. ಮಡಚಿದ ಹಲ್ಲು ಹೊರಗೆ ಚಾಚಿದ್ದವು. ತೆಗೆದು ಕಸದ ಬುಟ್ಟಿಗೆ ಹಾಕಿದ.

"ಪ್ರಥಮೇಶ," ಎಂದಳು.

ಅವನು ತಿರುಗಲಿಲ್ಲ. ಡಬ್ಬಿಯ ಮುಚ್ಚಳವನ್ನು ಕೈಗೆತ್ತಿಕೊಂಡು, ಮುಚ್ಚದೆ, ಪಕ್ಕಕ್ಕಿಟ್ಟ. ಡಬ್ಬಿಯನ್ನು, ನಲವತ್ತರ ಖಾಲಿ ಖಾನೆ ಅವಳ ಕಡೆಗೆ ಬರುವಂತೆ, ಮೇಜಿನ ಮೇಲೆ ಮೆಲ್ಲಗೆ ತಳ್ಳುತ್ತ ಅವಳು ನಿಂತ ಅಂಚಿಗೆ ತಂದು ಬಿಟ್ಟ. ಆಮೇಲೆ ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿಳಿದು ಹೋದ.

ಕಾಂಚನ ಮುಷ್ಟಿ ಬಿಚ್ಚಿದಳು. ಗಾಲಿ ಬೆವರಿನಲ್ಲಿ ತೊಯ್ದಿತ್ತು. ಅಂಗೈಯ ನಡುವೆ ಕೆಂಪಾಗಿ ಒಂದು ಗುಂಡನೆಯ ಗುರುತು, ಹಲ್ಲು ಹಲ್ಲಾಗಿ.

ಕಿಟಕಿಯ ಹೊರಗೆ ಓಣಿಯಲ್ಲಿ ಕೂಗಾಟ ಎದ್ದಿತು. ಮೂಲೆಮನೆಯ ಹುಡುಗ ಪ್ರಥಮೇಶ ಕೊಟ್ಟ ನೀಲಿ ಗಾಳಿಪಟವನ್ನು ಏರಿಸಿದ್ದ. ಅದು ಆಗಲೇ ಅಂಗಡಿಗಳ ತಗಡಿನ ಮೇಲಿಂದ ತಪ್ಪಿಸಿಕೊಂಡು ಎತ್ತರಕ್ಕೆ ಹೋಗಿತ್ತು. ಅವನ ಹಿಂದೆ ಪ್ರಥಮೇಶ ಎರಡೂ ಕೈಯಲ್ಲಿ ಫಿರಕಿ ಹಿಡಿದು ನಿಂತು, ಮೇಲೆ ನೋಡುತ್ತ, ದಾರ ಬಿಡುತ್ತಿದ್ದ.